ರೊಟ್ಟಿ ದಂಧೆ, ರೊಟ್ಟಿ ಲೆಕ್ಕ

ಅಕ್ಕ ತಂಗಿಯರೇ, ರೊಟ್ಟಿ ಬಡಿಯುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಸಣ್ಣವರಿದ್ದಾಗಲೇ ಅವ್ವನ ಮಗ್ಗುಲಿಗೆ ಕುಳಿತು ಕಲಿತಿದ್ದೇವೆ. ಬೆಳಗಾದರೆ ಒಲೆ, ಹಂಚು, ಹಿಟ್ಟು. ಮನೆಮಂದಿಗೆಲ್ಲ ರೊಟ್ಟಿ ಆಗುತನಕ ನಮಗೆ ಮೇಲೇಳುವ ಹಾಗಿಲ್ಲ.

ಇದೇ ರೊಟ್ಟಿಯನ್ನು ಮಾರಿ ನಾಲ್ಕು ಕಾಸು ಗಳಿಸಬಹುದಲ್ಲ ಎಂದು ನಿಮಗೂ ಅನಿಸಿರಬಹುದು. ನಮಗೂ ಅನಿಸಿತ್ತು.

ನಾವು ಹೂವಿನ ಹಿಪ್ಪರಗಿಯವರು. ಬಸವನ ಬಾಗೇವಾಡಿ ತಾಲ್ಲೂಕು, ವಿಜಯಪುರ ಜಿಲ್ಲೆ. ನಮ್ಮ ಕಡೆ ಎರಿ ಭೂಮಿ. ಹಿಂಗಾರಿಯಲ್ಲಿ ಬಿಳಿಜೋಳ ಬೆಳೆಯುತ್ತದೆ. ಮಾಲದಂಡಿ ಜೋಳದ ರೊಟ್ಟಿ ಎಂದರೆ ಹಾಲಿನಂತೆ ಬಿಳುಪು. ತೆಳ್ಳಗೆ ಬಡಿದು, ಬೇಯಿಸಿ, ಚೆನ್ನಾಗಿ ಒಣಗಿಸಿದರೆ ಅದೇ ಕಡಕ್ ರೊಟ್ಟಿ. ತಿಂಗಳು ಇಟ್ಟರೂ ಕೆಡುವುದಿಲ್ಲ. ಊರು ಬಿಟ್ಟು ದುಡಿಯಲು ಹೋದವರು, ಪಟ್ಟಣದಲ್ಲಿ ಓದುವ ಮಕ್ಕಳು, ಖಾನಾವಳಿಯವರು, ಮದುವೆ ಮಾಡುವವರು, ಎಲ್ಲರಿಗೂ ಬೇಕು. ಅಂದರೆ ಗಿರಾಕಿಗಳಿಗೆ ಕೊರತೆ ಇಲ್ಲ.

ನಾವು ಮೂರು ಮಂದಿ ಸೇರಿ ಶುರು ಮಾಡಿದೆವು. ಇಬ್ಬರು ನೆಗೆಣ್ಣಿಯರು, ಒಬ್ಬಾಕಿ ಓಣಿಯ ಗೆಳತಿ. ಮನೆಯಲ್ಲಿ ಜೋಳ ಇತ್ತು. ಒಲೆ ಇತ್ತು. ಕೈ ಇತ್ತು. ಒಂದು ರೊಟ್ಟಿಗೆ 5 ರೂಪಾಯಿಯಂತೆ ಮಾರಿದೆವು. ದಿನಾ ಮಾರಿದೆವು, ದಿನಾ ರೊಕ್ಕ ಬಂತು. ಬಹಳ ಹಿಗ್ಗಿದೆವು.

ಯುಗಾದಿ ಬಂತು. ಮಕ್ಕಳಿಗೆ ಅರಿವಿ ತರೋಣ ಎಂದು ಡಬ್ಬಿ ತೆಗೆದು ನೋಡಿದೆವು. ಹನ್ನೊಂದು ರೂಪಾಯಿ ಇತ್ತು. ಆ ಕಡೆ ಮನೆಯ ಎರಡು ಚೀಲ ಜೋಳ ಖಾಲಿ ಆಗಿತ್ತು.

ಅತ್ತಿ ಅಂದರು: "ರೊಟ್ಟಿ ಮಾರಿ ಮನಿ ಜೋಳಾ ತಿಂದ್ರಿ ನೀವು. ಇದಕ್ಕ ದಂಧೆ ಅಂತಾರೇನು?"

ನಮಗೆ ಅಳು ಬಂತು. ಆದರೆ ಅತ್ತಿ ಹೇಳಿದ್ದು ಖರೇ ಇತ್ತು. ರೊಕ್ಕ ಎಲ್ಲಿ ಹೋಯಿತು? ಯಾರೂ ಕದ್ದಿರಲಿಲ್ಲ. ಒಂದು ದಿನ ಸಾಬೂನು, ಒಂದು ದಿನ ಚಹಾಪುಡಿ, ಒಂದು ದಿನ ಮಗನ ಬಸ್ಸಿನ ರೊಕ್ಕ. ಹೀಗೆ ಸೋರಿ ಹೋಗಿತ್ತು. ಯಾರು ಎಷ್ಟು ಬಾಕಿ ಎನ್ನುವುದೂ ನೆನಪಿರಲಿಲ್ಲ. ಯಾಕೆಂದರೆ ನಾವು ಬರೆದಿಟ್ಟಿರಲಿಲ್ಲ. ಬರೆಯಲು ಆಗ ಬರುತ್ತಲೂ ಇರಲಿಲ್ಲ.

ಅಕ್ಷರ ಕಲಿತ ಮೇಲೆ ನಾವು ಮೊದಲು ಮಾಡಿದ ಕೆಲಸ ಎಂದರೆ ಒಂದು ನೋಟುಪುಸ್ತಕ ತಂದದ್ದು. ಅದರಲ್ಲಿ ಒಂದು ದಿನದ ಲೆಕ್ಕ ಬರೆದೆವು. ಅದನ್ನೇ ಇಲ್ಲಿ ತೋರಿಸುತ್ತೇವೆ. ದರ ಊರಿಂದ ಊರಿಗೆ ಬೇರೆ, ವರ್ಷದಿಂದ ವರ್ಷಕ್ಕೆ ಬೇರೆ. ನಿಮ್ಮ ಊರಿನ ದರ ಹಾಕಿ ನೀವೂ ಬರೆದು ನೋಡಿರಿ.

ಜೋಳ 5 ಕಿಲೋ, ಕಿಲೋಕ್ಕೆ 40ರಂತೆ: 200 ರೂಪಾಯಿ
ಗಿರಣಿ: 25 ರೂಪಾಯಿ
ಕಟ್ಟಿಗೆ, ಗ್ಯಾಸ್: 60 ರೂಪಾಯಿ
ರೊಟ್ಟಿ ಕಟ್ಟುವ ಚೀಲ, ದಾರ: 15 ರೂಪಾಯಿ
ಒಟ್ಟು ಖರ್ಚು: 300 ರೂಪಾಯಿ

ನಮ್ಮ ಕೈಯಲ್ಲಿ ಒಂದು ಕಿಲೋಕ್ಕೆ 16 ರೊಟ್ಟಿ ಬರುತ್ತವೆ. 5 ಕಿಲೋಕ್ಕೆ 80 ರೊಟ್ಟಿ. ಒಂದಕ್ಕೆ 5 ರೂಪಾಯಿಯಂತೆ 400 ರೂಪಾಯಿ. ಖರ್ಚು 300 ಕಳೆದರೆ 100 ರೂಪಾಯಿ ಲಾಭ. ಹೌದಲ್ಲ?

ಅಲ್ಲ. 80 ರೊಟ್ಟಿಯೂ ಮಾರಾಟ ಆಗುವುದಿಲ್ಲ. ಒಣಗಿಸುವಾಗ, ಕಟ್ಟುವಾಗ ಕೆಲವು ಮುರಿಯುತ್ತವೆ. ಅಂದು 8 ಮುರಿದಿದ್ದವು. ಮಾರಿದ್ದು 72. ಬರಬೇಕಾದ ರೊಕ್ಕ 360. ಲಾಭ 60ಕ್ಕೆ ಇಳಿಯಿತು. ಅದರಲ್ಲಿ 40 ರೂಪಾಯಿ ಉದ್ರಿ. ಕೈಗೆ ಉಳಿದದ್ದು 20 ರೂಪಾಯಿ.

ಇನ್ನೂ ಒಂದು ಖರ್ಚು ಬಿಟ್ಟಿದ್ದೇವೆ. ಅದು ಯಾವುದು ಹೇಳಿರಿ? ನಮ್ಮ ದುಡಿತ. ಜೋಳ ಹಸನ ಮಾಡುವುದು, ಗಿರಣಿಗೆ ಹೋಗಿ ಬರುವುದು, ಹಿಟ್ಟು ನಾದುವುದು, ಬಡಿಯುವುದು, ಬೇಯಿಸುವುದು, ಒಣಗಿಸುವುದು, ಎಣಿಸಿ ಕಟ್ಟುವುದು. ಎಲ್ಲಾ ಕೂಡಿ ಒಬ್ಬರಿಗೆ 5 ತಾಸು ಬೇಕು. 5 ತಾಸಿಗೆ 20 ರೂಪಾಯಿ ಎಂದರೆ ತಾಸಿಗೆ 4 ರೂಪಾಯಿ! ಕಳೆ ತೆಗೆಯಲು ಹೋಗಿದ್ದರೆ ಇದರ ಹತ್ತು ಪಟ್ಟು ಸಿಗುತ್ತಿತ್ತು.

"ಮನ್ಯಾಗ ಕುಂತು ಮಾಡೂ ಕೆಲಸಕ್ಕ ಎಂಥಾ ಕೂಲಿ?" ಎಂದು ಕೆಲವರು ಕೇಳುತ್ತಾರೆ. ನಾವೇ ಹಾಗೆ ಅನ್ನುತ್ತಿದ್ದೆವು. ಬೇರೆಯವರ ಹೊಲದಲ್ಲಿ ಬಾಗಿದರೆ ಅದು ದುಡಿತ. ನಮ್ಮ ಒಲೆಯ ಮುಂದೆ ಬೆವರಿದರೆ ಅದು ದುಡಿತ ಅಲ್ಲವೇ? ಅದಕ್ಕೆ ಈಗ ನಮ್ಮ ನೋಟುಪುಸ್ತಕದಲ್ಲಿ ಒಂದು ಸಾಲು ಹೆಚ್ಚಾಗಿದೆ. ಅದರ ಹೆಸರು 'ನಮ್ಮ ಕೂಲಿ'.

ನಮ್ಮ ಊರಿನ ಕೂಲಿ ದಿನಕ್ಕೆ 320 ಎಂದು ಹಿಡಿದೆವು. 8 ತಾಸಿಗೆ 320 ಆದರೆ ತಾಸಿಗೆ 40. 5 ತಾಸಿಗೆ 200. ಖರ್ಚು 300, ಕೂಲಿ 200, ಕೂಡಿ 500. ಅದನ್ನು 72 ರೊಟ್ಟಿಗೆ ಹಂಚಿದರೆ ಒಂದಕ್ಕೆ ಹತ್ತಿರ ಹತ್ತಿರ 7 ರೂಪಾಯಿ ಬರುತ್ತದೆ. 5ಕ್ಕೆ ಮಾರುತ್ತಿದ್ದೆವು. ಅಂದರೆ ಪ್ರತಿ ರೊಟ್ಟಿಯ ಜೊತೆ 2 ರೂಪಾಯಿಯ ದುಡಿತ ಪುಕ್ಕಟೆ ಕೊಡುತ್ತಿದ್ದೆವು.

ಜೋಳದ ಮಾತೂ ಹಾಗೆಯೇ. ಹೊಲದ ಜೋಳ, ರೊಕ್ಕ ಕೊಟ್ಟು ತಂದದ್ದಲ್ಲ, ಅದಕ್ಕೇನು ಲೆಕ್ಕ ಎಂದು ತಿಳಿದಿದ್ದೆವು. ಅದೇ ಜೋಳ ಪೇಟೆಗೆ ಹಾಕಿದ್ದರೆ ರೊಕ್ಕ ಬರುತ್ತಿತ್ತಲ್ಲ? ಆದ್ದರಿಂದ ಮನೆಯ ಜೋಳ ಬಳಸಿದರೂ ಪೇಟೆಯ ದರವನ್ನೇ ಬರೆಯಬೇಕು. ಅಷ್ಟು ರೊಕ್ಕ ಮನೆಗೆ ಕೊಡಬೇಕು. ಈಗ ನಾವು ಅತ್ತಿಯ ಕೈಗೆ ಜೋಳದ ರೊಕ್ಕ ಕೊಡುತ್ತೇವೆ. ಅವರೂ ಎಣಿಸಿ ತೆಗೆದುಕೊಳ್ಳುತ್ತಾರೆ. ಬಿಡುವುದಿಲ್ಲ!

7 ರೂಪಾಯಿ ಮಾಡಿದಾಗ ಮಂದಿ ಏನೆಂದರು? "ತುಟ್ಟಿ ಆತು" ಎಂದರು. ಕೆಲವರು ಬಿಟ್ಟರು. ಆದರೆ ರೊಟ್ಟಿ ತೆಳ್ಳಗೆ, ಗರಿಗರಿ ಇದ್ದರೆ ತಿರುಗಿ ಬರುತ್ತಾರೆ. ಒಬ್ಬ ಖಾನಾವಳಿಯವರು ಒಂದಕ್ಕೆ 6ರಂತೆ ಕೇಳಿದರು. ದಿನಾ ಒಯ್ಯುತ್ತೇವೆ, ಅಂದಂದೇ ರೊಕ್ಕ ಕೊಡುತ್ತೇವೆ ಎಂದರು. ನಾವು ತಟ್ಟನೆ ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲಿಲ್ಲ. ಲೆಕ್ಕ ಹಾಕಿದೆವು. 72 ರೊಟ್ಟಿಗೆ 432 ರೂಪಾಯಿ. ಅವರು ಬುಟ್ಟಿಯಲ್ಲೇ ಒಯ್ಯುವುದರಿಂದ ಚೀಲದ 15 ರೂಪಾಯಿ ಉಳಿಯುತ್ತದೆ. ಖರ್ಚು 285. ಉಳಿಯುವುದು 147. ತಾಸಿಗೆ 29 ರೂಪಾಯಿ ಚಿಲ್ಲರೆ. ಕೂಲಿಗಿಂತ ಕಡಿಮೆ. ಆದರೂ ಉದ್ರಿ ಇಲ್ಲ, ಮಾರಲು ತಿರುಗುವುದಿಲ್ಲ, ಮಕ್ಕಳನ್ನು ಬಿಟ್ಟು ಹೋಗುವುದಿಲ್ಲ. ಒಂದು ಖಾನಾವಳಿಗೆ ಒಪ್ಪಿಕೊಂಡೆವು. ಎರಡನೆಯದಕ್ಕೆ ಒಪ್ಪಲಿಲ್ಲ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ವಿಚಾರ ಮಾಡಿರಿ.

ಇನ್ನು ಡಬ್ಬಿಯ ಮಾತು. ಒಂದು ಡಬ್ಬಿ ಇದ್ದದ್ದು ಈಗ ಎರಡಾಗಿವೆ. ಒಂದು ದಂಧೆಯ ಡಬ್ಬಿ, ಇನ್ನೊಂದು ಮನೆಯ ಡಬ್ಬಿ. ರೊಟ್ಟಿ ಮಾರಿದ ರೊಕ್ಕ ದಂಧೆಯ ಡಬ್ಬಿಗೇ ಬೀಳಬೇಕು. ಜೋಳ, ಗಿರಣಿ, ಗ್ಯಾಸ್ ಎಲ್ಲಾ ಅದರಿಂದಲೇ. ಶನಿವಾರ ಮೂವರೂ ಕೂತು ಎಣಿಸುತ್ತೇವೆ. ಆಮೇಲೆ ನಮ್ಮ ಕೂಲಿ ತೆಗೆದುಕೊಂಡು ಮನೆಯ ಡಬ್ಬಿಗೆ ಹಾಕುತ್ತೇವೆ. ಸಾಬೂನು, ಚಹಾಪುಡಿ ಮನೆಯ ಡಬ್ಬಿಯಿಂದ. ನಡುವೆ ಯಾರಾದರೂ ಬಂದು "ಐವತ್ತು ರೂಪಾಯಿ ಕೊಡು" ಎಂದರೆ, "ಅದು ಜೋಳದ ರೊಕ್ಕ, ನಂದಲ್ಲ" ಎನ್ನುತ್ತೇವೆ. ಗಂಡಂದಿರಿಗೆ ಮೊದಲು ಸಿಟ್ಟು ಬಂತು. ನೋಟುಪುಸ್ತಕ ತೋರಿಸಿದೆವು. ಬರೆದದ್ದನ್ನು ನೋಡಿದ ಮೇಲೆ ವಾದ ಕಡಿಮೆ ಆಯಿತು. ಪೂರ್ತಿ ನಿಂತಿತು ಎಂದು ನಾವು ಹೇಳುವುದಿಲ್ಲ.

ಈಗ ಡಬ್ಬಿಗೆ ಬೀಳದ ರೊಕ್ಕವೂ ಇದೆ. ಗಿರಾಕಿಗಳು ಫೋನಿನಲ್ಲಿ ರೊಕ್ಕ ಹಾಕುತ್ತಾರೆ. ಆ ರೊಕ್ಕ ಯಾರ ಖಾತೆಗೆ ಹೋಗುತ್ತದೆ, ಕೇಳಿರಿ. ನಮ್ಮಲ್ಲಿ ಮಗನ ಫೋನಿಗೆ ಹೋಗುತ್ತಿತ್ತು. ಮಗ ಒಳ್ಳೆಯವನೇ. ಆದರೆ ರೊಕ್ಕ ಬಂದದ್ದೂ ಗೊತ್ತಾಗುತ್ತಿರಲಿಲ್ಲ, ಹೋದದ್ದೂ ಗೊತ್ತಾಗುತ್ತಿರಲಿಲ್ಲ. ಈಗ ನಮ್ಮ ಹೆಸರಿನ ಬ್ಯಾಂಕ್ ಖಾತೆಗೆ ಜೋಡಿಸಿದ್ದೇವೆ. 2014ರಲ್ಲಿ ಜನ್ ಧನ್ ಯೋಜನೆ ಬಂದಾಗ ಬಹಳ ಹೆಣ್ಣುಮಕ್ಕಳ ಹೆಸರಿನಲ್ಲಿ ಖಾತೆ ತೆರೆದರು. ನಿಮ್ಮದೂ ಇರಬಹುದು. ಪಾಸ್‌ಬುಕ್ ಹುಡುಕಿರಿ. ಬ್ಯಾಂಕಿಗೆ ಹೋಗಿ ನಡೆಯುತ್ತಿದೆಯೇ ಎಂದು ಕೇಳಿರಿ.

ಉದ್ರಿ ಕೊಡಲೇಬಾರದು ಎಂದು ಪುಸ್ತಕದಲ್ಲಿ ಬರೆಯುವುದು ಸುಲಭ. ಊರಲ್ಲಿ ಅದು ನಡೆಯುವುದಿಲ್ಲ. ಕಾಕಿ ಬಂದು ಹತ್ತು ರೊಟ್ಟಿ ಕೇಳಿದರೆ ಹೇಗೆ ಇಲ್ಲ ಅನ್ನುವುದು? ನಾವು ಹೀಗೆ ಮಾಡಿದ್ದೇವೆ. ಒಬ್ಬರಿಗೆ ಒಂದು ಪುಟ. ಮೇಲೆ ಹೆಸರು. ಕೆಳಗೆ ತಾರೀಖು, ಎಷ್ಟು ರೊಟ್ಟಿ, ಎಷ್ಟು ರೊಕ್ಕ. ಅವರ ಮುಂದೆಯೇ ಬರೆಯುತ್ತೇವೆ. ಹಿಂದಿನದು ತೀರುವ ತನಕ ಹೊಸ ಉದ್ರಿ ಇಲ್ಲ. "ಕಾಕಿ, ಹಿಂದಿನ ಬಾಕಿ 70 ರೂಪಾಯಿ ಇಲ್ಲಿ ಐತಿ ನೋಡ್ರಿ" ಎಂದು ಪುಟ ತೋರಿಸುತ್ತೇವೆ. ಬಾಯಿಂದ ಕೇಳಿದರೆ ಜಗಳ. ಪುಟ ಕೇಳಿದರೆ ಜಗಳ ಇಲ್ಲ.

ಲೆಕ್ಕದ ಬಲ ಎಂಥದು ಎಂದು ತಿಳಿಯಲು ಮುಂಬೈ ಕಡೆ ಒಮ್ಮೆ ನೋಡೋಣ. ನಮ್ಮ ಜಿಲ್ಲೆಯ ಎಷ್ಟೋ ಮಂದಿ ದುಡಿಯಲು ಹೋದ ಊರು ಅದು. ಅಲ್ಲಿ ಗಿರಗಾಂವ್ ಎಂಬ ಭಾಗದಲ್ಲಿ 1959ರ ಮಾರ್ಚ್ 15ರಂದು 7 ಮಂದಿ ಹೆಂಗಸರು ತಮ್ಮ ಮನೆಯ ಮಾಳಿಗೆ ಮೇಲೆ ಕೂತು ಹಪ್ಪಳ ಲಟ್ಟಿಸಿದರು. ಬಂಡವಾಳ 80 ರೂಪಾಯಿ. ಅದೂ ಸಾಲ. ಮೊದಲ ದಿನ ಆದದ್ದು 4 ಪಾಕೀಟು ಹಪ್ಪಳ. ಅದೇ ಮುಂದೆ ಲಿಜ್ಜತ್ ಹಪ್ಪಳ ಎಂದು ದೇಶಕ್ಕೆಲ್ಲ ಗೊತ್ತಾಯಿತು. ಸಾವಿರಾರು ಹೆಂಗಸರು ತಮ್ಮ ಮನೆಯಲ್ಲೇ ಲಟ್ಟಿಸಿ ಗಳಿಸುವಂತಾಯಿತು. ಆ ಏಳು ಮಂದಿಯಲ್ಲಿ ಒಬ್ಬರಾದ ಜಸ್ವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು.

ಸಾಲ ಕೊಟ್ಟ ಹಿರಿಯರು ಅವರಿಗೆ ಎರಡು ಮಾತು ಹೇಳಿದ್ದರು. ಮೊದಲನೆಯದು, ಲೆಕ್ಕ ಸರಿಯಾಗಿ ಇಡಬೇಕು. ಎರಡನೆಯದು, ಒಂದೇ ನಮೂನೆ ಹಪ್ಪಳ ಮಾಡಬೇಕು. ಮೊದಮೊದಲು ಅವರು ಒಳ್ಳೆಯ ಹಪ್ಪಳ ಒಂದು ದರಕ್ಕೆ, ಹಗುರ ಹಪ್ಪಳ ಕಡಿಮೆ ದರಕ್ಕೆ ಮಾರುತ್ತಿದ್ದರು. ಅದನ್ನು ಬಿಟ್ಟರು. ಮೊದಲ ವರ್ಷದ ಮಳೆಗಾಲದಲ್ಲಿ ಹಪ್ಪಳ ಒಣಗದೆ ನಾಲ್ಕು ತಿಂಗಳು ಕೆಲಸ ನಿಂತಿತು. ಮರುವರ್ಷ ಒಂದು ಮಂಚ, ಒಂದು ಸ್ಟೋವ್ ಕೊಂಡರು. ಮಂಚದ ಮೇಲೆ ಹಪ್ಪಳ, ಮಂಚದ ಕೆಳಗೆ ಸ್ಟೋವ್! ಮಳೆಯಲ್ಲೂ ಒಣಗಿದವು.

ಮಳೆಗಾಲ ನಮ್ಮನ್ನೂ ಕಾಡುತ್ತದೆ. ಕಡಕ್ ರೊಟ್ಟಿಗೆ ತೇವವೇ ವೈರಿ. ಸ್ವಲ್ಪ ಹಸಿ ಉಳಿದರೂ ಬೂಸ್ಟು ಹಿಡಿಯುತ್ತದೆ. ಒಮ್ಮೆ ಆಷಾಢದಲ್ಲಿ ಅವಸರದಿಂದ ಕಟ್ಟಿ ಕಳಿಸಿದೆವು. ನೂರು ರೊಟ್ಟಿಯೂ ತಿರುಗಿ ಬಂದವು. ರೊಕ್ಕವೂ ಹೋಯಿತು, ಹೆಸರೂ ಹೋಯಿತು. ಈಗ ರೊಟ್ಟಿ ಬೆಂದ ಮೇಲೆ ಒಲೆಯ ಸುತ್ತ ನಿಲ್ಲಿಸಿ ಕಾಯಿಸುತ್ತೇವೆ. ಪೂರ್ತಿ ಆರಿದ ಮೇಲೆ ಒಂದನ್ನು ಮುರಿದು ನೋಡುತ್ತೇವೆ. ಟಪ್ ಎಂದು ಸಪ್ಪಳ ಬಂದರೆ ಕಟ್ಟುವುದು. ಬಾಗಿದರೆ ತಿರುಗಿ ಹಂಚಿಗೆ. ಬಿಸಿ ಇದ್ದಾಗ ಚೀಲಕ್ಕೆ ಹಾಕಿದರೆ ಒಳಗೆ ಬೆವರುತ್ತದೆ, ಅದನ್ನು ಮರೆಯಬೇಡಿರಿ.

ಪಕ್ಕದ ಕಲಬುರಗಿ ಜಿಲ್ಲೆಯ ಸುದ್ದಿ ನೀವು ಕೇಳಿರಬಹುದು. ಸಿಂದಗಿ ದಾಟಿದರೆ ಅದೇ ಜಿಲ್ಲೆ. ಅಲ್ಲಿ ಮಹಿಳಾ ಸಂಘದವರು ಕೂಡಿ 'ಕಲಬುರಗಿ ರೊಟ್ಟಿ' ಎಂದು ಒಂದೇ ಹೆಸರಿನಲ್ಲಿ ಮಾರಲು ಶುರು ಮಾಡಿದರು. ಜಿಲ್ಲಾ ಆಡಳಿತ ಕೈ ಹಿಡಿಯಿತು. 2025ರ ಜೂನ್ ತಿಂಗಳಲ್ಲಿ ಪ್ರಧಾನಮಂತ್ರಿ ರೇಡಿಯೋದಲ್ಲಿ ಅವರ ಮಾತು ತೆಗೆದರು. ಒಬ್ಬೊಬ್ಬರೇ ಬಡಿದರೂ ಕೂಡಿ ಮಾರಿದರೆ ದೂರದ ಪಟ್ಟಣಕ್ಕೂ ಮುಟ್ಟಿಸಬಹುದು. ನಮ್ಮದೇ ಜಿಲ್ಲೆಯ ಇಂಡಿ ಲಿಂಬೆಗೆ 2023ರಲ್ಲಿ ಆ ಊರಿನ ಹೆಸರಿನ ಸರಕಾರಿ ಗುರುತು, ಜಿಐ ಟ್ಯಾಗ್, ಸಿಕ್ಕಿತು. ಲಿಂಬೆ ಉಪ್ಪಿನಕಾಯಿ ಹಾಕುವ ಅಕ್ಕಂದಿರೂ ನಮ್ಮ ಕಡೆ ಬಹಳ ಇದ್ದಾರೆ. ಅವರಿಗೂ ಇದೇ ಲೆಕ್ಕ. ಜೋಳದ ಬದಲು ಲಿಂಬೆ, ಉಪ್ಪು, ಖಾರ ಎಂದು ಬರೆಯಬೇಕು ಅಷ್ಟೆ.

ರೊಟ್ಟಿಯ ಜೊತೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಇಟ್ಟರೆ ಗಿರಾಕಿ ಬಿಡುವುದಿಲ್ಲ. ಆದರೆ ಹಿಂಡಿಗೆ ಬೇರೆ ಪುಟ. ರೊಟ್ಟಿಯ ಪುಟದಲ್ಲಿ ಕೂಡಿಸಿದರೆ ಯಾವುದರಿಂದ ಲಾಭ, ಯಾವುದರಿಂದ ಲುಕ್ಸಾನು ಎಂದು ಗೊತ್ತೇ ಆಗುವುದಿಲ್ಲ.

ಸಾಲದ ಬಗ್ಗೆ ಎರಡು ಮಾತು ಹೇಳಲೇಬೇಕು. ಶುರು ಮಾಡಲು ಸಾಲವೇ ಬೇಕು ಎಂದು ತಿಳಿಯಬೇಡಿರಿ. ಹಂಚು, ಒಲೆ ಇದ್ದರೆ 5 ಕಿಲೋ ಜೋಳದಿಂದ ಶುರು ಮಾಡಬಹುದು. ಮೂರು ತಿಂಗಳ ಲೆಕ್ಕ ಬರೆದ ಮೇಲೆ ಸಾಲದ ವಿಚಾರ ಮಾಡಿರಿ. ತೆಗೆದುಕೊಳ್ಳುವಾಗ ಬಡ್ಡಿ ಕೇಳಿರಿ. "ನೂರಕ್ಕೆ ಮೂರು" ಎಂದರೆ ಹಗುರ ಅನಿಸುತ್ತದೆ. ಅದು ತಿಂಗಳಿಗೋ, ವರ್ಷಕ್ಕೋ? ತಿಂಗಳಿಗೆ ನೂರಕ್ಕೆ 3 ಎಂದರೆ ವರ್ಷಕ್ಕೆ ನೂರಕ್ಕೆ 36. 5000 ರೂಪಾಯಿ ಸಾಲ ಮಾಡಿದರೆ ತಿಂಗಳಿಗೆ 150 ರೂಪಾಯಿ ಬರೀ ಬಡ್ಡಿ. ತಿಂಗಳಿಗೆ ನೂರಕ್ಕೆ 1 ಆದರೆ 50 ರೂಪಾಯಿ. ಎಷ್ಟು ಫರಕು ನೋಡಿರಿ!

2000ರಲ್ಲಿ ನಮ್ಮ ರಾಜ್ಯದಲ್ಲಿ ಸ್ತ್ರೀಶಕ್ತಿ ಯೋಜನೆ ಬಂದ ಮೇಲೆ ಹಳ್ಳಿಹಳ್ಳಿಗೆ ಸಂಘಗಳಾದವು. ಸಂಘದಲ್ಲಿದ್ದರೆ ಮೊದಲು ಸಂಘದಲ್ಲೇ ಕೇಳಿರಿ. ಬ್ಯಾಂಕಿನಲ್ಲಿ ಮುದ್ರಾ ಸಾಲ 2015ರಿಂದ ಇದೆ. ಅದರಲ್ಲಿ ಶಿಶು ಎಂಬ ಸಾಲ 50 ಸಾವಿರದ ತನಕ. ಹೊಲ, ಬಂಗಾರ ಒತ್ತೆ ಇಡಬೇಕಾಗಿಲ್ಲ. ಮನೆ ಬಾಗಿಲಿಗೆ ಬಂದು ವಾರದ ಕಂತಿಗೆ ಸಾಲ ಕೊಡುವವರೂ ಇದ್ದಾರೆ. ಒಂದು ಕಂತು ತಪ್ಪಿದರೆ ಬಾಗಿಲಿಗೆ ಬಂದು ಕೂಡುವುದು, ಬೈಯುವುದು ಬಹಳ ಆಯಿತು. 2025ರಲ್ಲಿ ಕರ್ನಾಟಕ ಸರಕಾರ ಅಂಥ ಕಿರುಕುಳದ ವಿರುದ್ಧ ಕಾನೂನು ತಂದಿತು. ಯಾರಾದರೂ ಹಾಗೆ ಹೆದರಿಸಿದರೆ ಪೊಲೀಸರಿಗೆ ಹೇಳಬಹುದು. ಮತ್ತೊಂದು ಮಾತು, ಓದದೆ ಎಲ್ಲಿಯೂ ಸಹಿ ಹಾಕಬೇಡಿರಿ. ಮೊದಲು ನಮಗೆ ಹೆಬ್ಬೆಟ್ಟು ಇತ್ತು, ಓದಲು ಬರುತ್ತಿರಲಿಲ್ಲ. ಈಗ ಬರುತ್ತದೆ. ಎಷ್ಟು ಹೊತ್ತಾದರೂ ಆಗಲಿ, ಅವರು ಕಾಯಲಿ.

ಪಾಕೀಟು ಮಾಡಿ ಅಂಗಡಿಗೆ ಇಡುವುದಾದರೆ ಆಹಾರ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. 2006ರ ಆಹಾರ ಸುರಕ್ಷತಾ ಕಾನೂನು ಮನೆಯಲ್ಲಿ ಮಾಡಿ ಮಾರುವ ನಮ್ಮಂಥವರಿಗೂ ಇದೆ. ನೋಂದಣಿ ಆದರೆ 14 ಅಂಕಿಯ ನಂಬರು ಕೊಡುತ್ತಾರೆ. ಪಾಕೀಟಿನ ಮೇಲೆ ಆ ನಂಬರು, ಏನು ಹಾಕಿ ಮಾಡಿದ್ದು, ತೂಕ, ಮಾಡಿದ ತಾರೀಖು, ಎಷ್ಟು ದಿನ ಇಡಬಹುದು, ದರ, ನಮ್ಮ ವಿಳಾಸ ಇರಬೇಕು. ಆಧಾರ್ ಕಾರ್ಡು, ಫೋಟೋ ತೆಗೆದುಕೊಂಡು ಹೋಗಿರಿ. ಅರ್ಜಿ ಕಂಪ್ಯೂಟರಿನಲ್ಲಿ ಹಾಕುತ್ತಾರೆ. ನಮಗೆ ಎರಡು ಸಲ ತಿರುಗಾಡುವುದು ಬಂತು, ಹೆಸರಿನ ಅಕ್ಷರ ತಪ್ಪಿತ್ತು ಎಂದು. ಆಧಾರಿನಲ್ಲಿ ಇದ್ದ ಹಾಗೆಯೇ ಹೆಸರು ಬರೆಸಿರಿ.

ಕೊನೆಗೆ ಜೋಳ ಕೊಳ್ಳುವ ಕಾಲ. ಹಿಂಗಾರಿ ಜೋಳ ಮಹಾಶಿವರಾತ್ರಿಯ ಆಸುಪಾಸಿಗೆ ಕಣಕ್ಕೆ ಬರುತ್ತದೆ. ಆಗ ಎಲ್ಲರ ಮನೆಯಲ್ಲೂ ಜೋಳ, ದರ ಇಳಿಯುತ್ತದೆ. ದೀಪಾವಳಿಯ ಹೊತ್ತಿಗೆ ಮನೆಯ ಜೋಳ ತೀರಿರುತ್ತದೆ, ದರ ಏರುತ್ತದೆ. ಅದಕ್ಕೆ ನಾವು ದಂಧೆಯ ಡಬ್ಬಿಯಿಂದ ವಾರಕ್ಕೆ ಇಷ್ಟು ಎಂದು ತೆಗೆದು ಬ್ಯಾಂಕಿನಲ್ಲಿ ಇಡುತ್ತೇವೆ. ಹೊಸ ಜೋಳ ಬಂದಾಗ ಆ ರೊಕ್ಕ ತೆಗೆಯುತ್ತೇವೆ. ದಿನಕ್ಕೆ 5 ಕಿಲೋದಂತೆ ತಿಂಗಳಿಗೆ 25 ದಿನ ಬಡಿದರೆ 125 ಕಿಲೋ ಬೇಕು. ಆರು ತಿಂಗಳಿಗೆ 750 ಕಿಲೋ. ಮೊದಲ ವರ್ಷ ಅಷ್ಟು ಕೊಳ್ಳುವ ಶಕ್ತಿ ಇರಲಿಲ್ಲ. ಎರಡು ಚೀಲ ಕೊಂಡೆವು. ಮರುವರ್ಷ ನಾಲ್ಕು. ಬಿಸಿಲಿಗೆ ಎರಡು ದಿನ ಹರವಿ ಒಣಗಿಸುತ್ತೇವೆ. ನೆರಳಲ್ಲಿ ಒಣಗಿಸಿದ ಬೇವಿನ ಎಲೆ ನಡುನಡುವೆ ಹಾಕಿ ಕಟ್ಟುತ್ತೇವೆ. ಚೀಲದ ಮೇಲೆ ಸುಣ್ಣದಿಂದ ತಿಂಗಳು, ತೂಕ, ದರ ಬರೆಯುತ್ತೇವೆ. ಬರೆಯುವ ಕೆಲಸ ಈಗ ಅತ್ತಿಯದು. ಅವರೂ ಕಲಿಯುತ್ತಿದ್ದಾರೆ. 8 ಎನ್ನುವ ಅಂಕಿ ಇನ್ನೂ ಸೊಟ್ಟ ಬರುತ್ತದೆ, ಆದರೆ ಓದಲು ತೊಂದರೆ ಇಲ್ಲ.